ದಕ್ಷಿಣದ ಬಾಗಿಲಿನ ಅವರೆ

ರಾಯದುರ್ಗಕ್ಕೆ ಬಂದ ಮೊದಲ ವಾರ, ಮುದ್ದೆ ಮುರಿದರೆ ಅದರ ಮೇಲೆ ನನ್ನ ಬೆರಳಿನ ನೀಲಿ ಗುರುತು ಮೂಡುತ್ತಿತ್ತು. ಜೀನ್ಸ್ ಬಟ್ಟೆಯ ಬಣ್ಣ, ಎಷ್ಟು ತಿಕ್ಕಿದರೂ ಹೋಗದು. ನಮ್ಮೂರು ರೊಳ್ಳದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿದರೆ ಕೈ ಹಸಿರಾಗುತ್ತಿತ್ತು, ಹುಣಸೆಹಣ್ಣು ಹಚ್ಚಿ ತೊಳೆದರೆ ಸಂಜೆಗೆ ಹೋಗುತ್ತಿತ್ತು. ಆ ನೀಲಿ ಮುದ್ದೆಯನ್ನು ಒಬ್ಬಳೇ ಕೂತು ನುಂಗಿದೆ.

ಅವ್ವ ತೀರಿಕೊಂಡ ಮೇಲೆ ಅಣ್ಣ ಹೊಲವನ್ನು ಗುತ್ತಿಗೆಗೆ ಕೊಟ್ಟ. ರೇಷ್ಮೆಹುಳ ಸಾಕುವ ಮನೆಗೆ ಬೀಗ ಬಿತ್ತು. ಮದುವೆಯಾಗದ ನಲವತ್ತರ ತಂಗಿಗೆ ಅಲ್ಲಿ ಉಣ್ಣುವ ಕೆಲಸ ಬಿಟ್ಟು ಬೇರೇನೂ ಉಳಿಯಲಿಲ್ಲ. ರವಿಕೆ ಹೊಲಿಯಲು ಬರುತ್ತಿತ್ತು, ಸರಿ ಎಂದು ಇಲ್ಲಿಯ ಜೀನ್ಸ್ ಶೆಡ್ಡಿಗೆ ಬಂದೆ. ಬೆಳಿಗ್ಗೆ ಒಳಗೆ ಹೋದರೆ ಟ್ಯೂಬ್‌ಲೈಟಿನ ಕೆಳಗೆ ಪ್ಯಾಂಟಿಗೆ ಜೇಬು ಕೂರಿಸುತ್ತಾ ಹೊತ್ತು ಮುಳುಗಿದ್ದೇ ತಿಳಿಯುವುದಿಲ್ಲ. ಎರಡೂ ತೆಲುಗು ಸೀಮೆಯ ಊರುಗಳೇ, ಆ ಭಾಷೆ ಅಲ್ಲೂ ಇಲ್ಲೂ ಒಂದೇ. ನನ್ನನ್ನು ಪರಸ್ಥಳದವಳನ್ನಾಗಿ ಮಾಡಿದ್ದು ನನ್ನ ಕನ್ನಡ. ನಾನು "ಬತ್ತೀನಿ" ಅಂದರೆ ಶೆಡ್ಡಿನ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಆಮೇಲಾಮೇಲೆ ಮಾತೇ ಕಡಿಮೆ ಮಾಡಿದೆ.

ಊರಿಂದ ಬಟ್ಟೆಬರೆಯ ಜೊತೆ ಒಂದು ಗಂಟು ತಂದಿದ್ದೆ. ಅವ್ವ ಬೂದಿ ಬೆರೆಸಿ ಕಟ್ಟಿಟ್ಟಿದ್ದ ಅವರೆ ಬೀಜ, ಅಂಚಿಗೆ ನೇರಳೆ ಗೆರೆ ಇರುವ ಜಾತಿ. ಊರಲ್ಲಿ ಈಗ ಅದನ್ನು ಯಾರೂ ಹಾಕುವುದಿಲ್ಲ. ಈ ಮಳೆಗೆ ಬಿತ್ತದಿದ್ದರೆ ಹುಳ ಹಿಡಿಯುತ್ತದೆ. ಬಿತ್ತಿ ಕೆಟ್ಟರೆ ಅವ್ವನ ಅವರೆ ಅಲ್ಲಿಗೆ ಮುಗಿಯಿತು.

ನಾನು ಈ ಮನೆ ಹಿಡಿದದ್ದೇ ಹಿತ್ತಿಲ ಆಸೆಗೆ. ಒಡತಿ ಗೌರಮ್ಮ ಎಪ್ಪತ್ತು ದಾಟಿದವರು, ಪಕ್ಕದ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಮೊದಲ ದಿನ ಬೀಗ ತೆಗೆಯುತ್ತಲೇ, "ಬರ್ರಿ, ಒಳಗ ಬರ್ರಿ. ಪೂರ್ವದ ಬಾಗಿಲೈತ್ರಿ. ಇಂಥಾ ಮನಿ ಈ ಓಣ್ಯಾಗ ಇನ್ನೊಂದಿಲ್ಲ," ಅಂದರು. ನಾನು ನಂಬಿದೆ. ಎಡಪಕ್ಕದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ನಾನು ಶೆಡ್ಡಿನಲ್ಲಿರುತ್ತಿದ್ದೆ. ರಜೆಯ ದಿನ ಮೋಡವೋ ನಿದ್ದೆಯೋ. ಹೀಗೆ ಮೂರು ತಿಂಗಳು ಸೂರ್ಯ ಎತ್ತ ಹುಟ್ಟುತ್ತಾನೆಂದು ನೋಡದೆ ಬದುಕಿದೆ. ರೊಳ್ಳದ ಕಡೆಯವರು ಕೇಳಿದರೆ ನಗಬಹುದು.

ಬಾಗಿಲು ಪೂರ್ವಕ್ಕಿದ್ದರೆ ಬಲಗಡೆ ದಕ್ಷಿಣ. ನಮ್ಮೂರಿರುವುದು ದಕ್ಷಿಣಕ್ಕೆ. ದಿನಾ ಶೆಡ್ಡಿಗೆ ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತು ಬಲಕ್ಕೆ ತಿರುಗಿ ಒಂದು ಗಳಿಗೆ ನೋಡುತ್ತಿದ್ದೆ. ಅಲ್ಲಿ ಕಾಣುತ್ತಿದ್ದದ್ದು ಒಂದು ನೀರಿನ ಟ್ಯಾಂಕು ಅಷ್ಟೇ. ಆದರೂ ಕಣ್ಣು ತುಂಬುತ್ತಿತ್ತು.

ಆಷಾಢ ಬಂತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಿತ್ತಿಲ ಗೋಡೆಯ ಮೇಲೆ ತೋಟದ ನಕ್ಷೆ ಬರೆದೆ. ಗೋಡೆಯುದ್ದಕ್ಕೂ ಅವರೆ, ಮೂಲೆಗೆ ಮೆಣಸಿನ ಗಿಡ. ನಮ್ಮ ಕಡೆ ಹುಳದ ಮನೆ ಕಟ್ಟುವ ಮುಂಚೆ ಗೂಟ ನೆಟ್ಟು ದಿಕ್ಕು ನೋಡುತ್ತಾರೆ, ಉದ್ದನೆಯ ಗೋಡೆಗೆ ಸಂಜೆಬಿಸಿಲು ಬಡಿದರೆ ಹುಳ ಉಳಿಯುವುದಿಲ್ಲ. ಅವ್ವ ಬೀಜಕ್ಕೂ ಹಾಗೇ ಮಾಡುತ್ತಿದ್ದಳು. ಮೋಡವಿಲ್ಲದ ಒಂದು ರಜೆಯ ದಿನ ನಾನೂ ಹಿತ್ತಿಲಲ್ಲಿ ಗೂಟ ನೆಟ್ಟೆ. ಹತ್ತು ಗಂಟೆಗೆ ನೆರಳಿನ ತುದಿಗೆ ಒಂದು ಕಲ್ಲು, ಎರಡು ಗಂಟೆಗೆ ಇನ್ನೊಂದು ಕಲ್ಲು. ನಡುವೆ ಗೆರೆ ಎಳೆದರೆ ಅದೇ ಪೂರ್ವ ಪಶ್ಚಿಮ.

ಆ ಗೆರೆ ಬಾಗಿಲ ಕಡೆಗೆ ಹೋಗಬೇಕಿತ್ತು. ಹೋಗಲಿಲ್ಲ, ಗೋಡೆಯ ಉದ್ದಕ್ಕೆ ಹರಿಯಿತು. ಬಾಗಿಲಿದ್ದದ್ದು ದಕ್ಷಿಣಕ್ಕೆ. ಹಿತ್ತಿಲು ಉತ್ತರಕ್ಕೆ. ಈಗೇನೋ ಬಿಸಿಲಿದೆ, ದೀಪಾವಳಿ ಕಳೆದು ಸೂರ್ಯ ದಕ್ಷಿಣಕ್ಕೆ ವಾಲಿದರೆ ಮನೆಯ ನೆರಳು ದಿನವಿಡೀ ಅಲ್ಲೇ ಕೂರುತ್ತದೆ. ಅವರೆ ಹೂ ಬಿಡುವುದೇ ಆಗ. ಮೂರು ತಿಂಗಳು ನಾನು ಕಣ್ಣೀರು ಹಾಕಿದ್ದು ಪಶ್ಚಿಮಕ್ಕೆ, ಮೊಳಕಾಲ್ಮೂರಿನ ಕಡೆ ನೋಡಿಕೊಂಡು. ಅಲ್ಲಿ ನನಗೆ ಗುರುತಿನವರು ಒಬ್ಬರೂ ಇಲ್ಲ.

ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಗೌರಮ್ಮನವರ ಕೋಣೆಗೆ ಹೋದೆ. ರೊಟ್ಟಿ ತಟ್ಟುತ್ತಿದ್ದರು.

"ಬಾಗ್ಲು ದಕ್ಷಿಣಕ್ಕೈತೆ ಕಣಮ್ಮ. ಪೂರ್ವ ಅಂತ ಯಾಕೆ ಹೇಳಿದ್ರಿ?"

ಕೈ ನಿಂತಿತು. "ದಕ್ಷಿಣ ಅಂದ್ರ ಯಾರ್ ಬರ್ತಾರ್ರಿ? ಎರಡು ವರ್ಷ ಖಾಲಿ ಬಿದ್ದಿತ್ತು. ಗ್ವಾಡಿ ಆಚೆ ಒಂದು ಕೆಮ್ಮಿನ ಸಪ್ಪಳನಾದ್ರೂ ಇರ್ಲಿ ಅಂತ ಹೇಳಿಬಿಟ್ಟೆ." ಹಿಟ್ಟಿನ ಕೈಯನ್ನೇ ನೋಡುತ್ತಾ ಕೇಳಿದರು, "ಬಿಟ್ಟು ಹೋಗ್ತೀರೇನ್ರಿ?"

ನಾನೂ ದಿನಾ ಗೋಡೆಯಾಚೆ ಅವರು ರೊಟ್ಟಿ ತಟ್ಟುವ ಸದ್ದು ಕೇಳಿದ ಮೇಲೆಯೇ ಏಳುತ್ತಿದ್ದೆ. ಆ ಸದ್ದಿಲ್ಲದ ಒಂದು ದಿನ ಅವರಿಗೇನಾಯಿತೋ ಎಂದು ಕಿವಿಗೊಟ್ಟು ಕೂತಿದ್ದೆ.

"ಬಿಸ್ಲಿರೋದು ಮುಂಬಾಗ್ಲಾಗೆ. ನಮ್ಮವ್ವನ ಅವರೆಗೆ ಅಲ್ಲೇ ಜಾಗ ಬೇಕು," ಅಂದೆ.

"ತಗೊಳ್ರಿ," ಅಂದರು. ಮುಂಬಾಗಿಲ ಪಕ್ಕ ಒಂದು ಹಾಸುಗಲ್ಲಿತ್ತು. ಹೋಗಿಬರುವವರನ್ನು ನೋಡುತ್ತಾ ಅವರು ದಿನ ಕಳೆಯುತ್ತಿದ್ದದ್ದು ಅದರ ಮೇಲೆ. ಮರುದಿನ ಶೆಡ್ಡಿಂದ ಬಂದಾಗ ಕಲ್ಲು ಗೋಡೆಗೆ ಒರಗಿತ್ತು, ಅದರ ಜಾಗದ ಮಣ್ಣು ಕೆದರಿತ್ತು.

ಅಲ್ಲೇ ಬಿತ್ತಿದೆ. ಅರ್ಧ ಮೊಳೆಯಲಿಲ್ಲ, ಅರ್ಧ ಮೊಳೆಯಿತು. ಬಾಗಿಲ ಮುಂದೆ ಚಪ್ಪರ ಹಾಕಿದೆ, ಹಂಬು ಕಟ್ಟಲು ಶೆಡ್ಡಿನ ಜೀನ್ಸ್ ಚಿಂದಿ ಸಾಕಾಯಿತು. ದಿಕ್ಕು ತಿಳಿದ ಮೇಲೆ ನಾನು ಬೆಳಿಗ್ಗೆ ಬಲಕ್ಕೆ ತಿರುಗುವುದು ಬಿಟ್ಟು ನೇರ ನಿಂತು ಊರಿನ ಕಡೆ ನೋಡುತ್ತಿದ್ದೆ. ಮಾರ್ಗಶಿರದ ಚಳಿಗೆ ಹೂ ಬಂತು, ಕಾಯಿಗೆ ನೇರಳೆ ಗೆರೆ ಬಂತು. ಅವ್ವನ ಸೀರೆಗೆ ಹತ್ತುತ್ತಿದ್ದ ಅದೇ ಸೊಗಡು ನನ್ನ ಕೈಗೂ ಹತ್ತಿತು. ಮೊದಲ ಕೊಯ್ಲಿನ ಸಾರು ಗೌರಮ್ಮ ರೊಟ್ಟಿಯೊಂದಿಗೆ ಉಂಡರು, ನಾನು ಮುದ್ದೆಯೊಂದಿಗೆ ಉಂಡೆ.

ಈಗ ಬಳ್ಳಿ ಚಪ್ಪರ ತುಂಬಿ ಬಾಗಿಲ ಮುಂದೆ ಇಳಿಬಿದ್ದಿದೆ. ಗೌರಮ್ಮ ಅದರ ಕೆಳಗೆ ಮಣೆ ಹಾಕಿಕೊಂಡು ಕೂರುತ್ತಾರೆ. ಹೊಸ್ತಿಲಲ್ಲಿ ನಿಂತರೆ ನನಗೆ ಊರಿನ ದಿಕ್ಕು ಕಾಣುವುದಿಲ್ಲ, ಅವ್ವನ ಅವರೆಯೇ ಅಡ್ಡ. ನೋಡಬೇಕೆಂದರೆ ಕೈಯಿಂದ ಬಳ್ಳಿ ಸರಿಸಬೇಕು. ಹೂ ಉದುರುತ್ತದೆಂದು ಕೆಲವು ದಿನ ಸರಿಸುವುದಿಲ್ಲ.