ದೊಡ್ಡ ಗಾಡಿಯದೇ ತಪ್ಪು

ನನ್ನದಲ್ಲದ ತಪ್ಪಿಗೆ ನಡುಬೀದಿಯಲ್ಲಿ ಕೈಮುಗಿದವನು ನಾನು. ಹೇಳಿಕೊಳ್ಳಲು ನಾಚಿಕೆ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೋದ ವರ್ಷ ಕೊರಟಗೆರೆ ಬಸ್ ಸ್ಟ್ಯಾಂಡಿನ ಎದುರು ನನ್ನ ಹಳೇ ಕಾರು ನಿಂತಿತ್ತು. ನಿಂತೇ ಇತ್ತು, ಸ್ವಾಮಿ! ಸ್ಕೂಟರಿನವನೊಬ್ಬ ತಾನಾಗಿ ಬಂದು ಗುದ್ದಿ ಬಿದ್ದ. ಸೇರಿದ ಜನ ಕಣ್ಣು ಮುಚ್ಚಿ ತೆರೆಯುವುದರೊಳಗೆ ತೀರ್ಪು ಕೊಟ್ಟರು: ದೊಡ್ಡ ಗಾಡಿಯದೇ ತಪ್ಪು. ನಮ್ಮ ಸೀಮೆಯ ಕಾನೂನು ಇಷ್ಟೇ. ಸೈಕಲ್ಲಿನ ಮುಂದೆ ಬೈಕು ಅಪರಾಧಿ, ಬೈಕಿನ ಮುಂದೆ ಕಾರು, ಕಾರಿನ ಮುಂದೆ ಲಾರಿ. ಯಾರು ಯಾರಿಗೆ ಗುದ್ದಿದರು ಎನ್ನುವುದು ಕೆಲಸಕ್ಕೆ ಬಾರದ ವಿವರ. ಮಧುಗಿರಿಯಲ್ಲಿ ಮೂವತ್ತು ವರ್ಷ ರೇಖಾಗಣಿತ ಹೇಳಿಕೊಟ್ಟು, ಸಾಧಿಸಿ ತೋರಿಸದೆ ಏನನ್ನೂ ಒಪ್ಪಬೇಡಿ ಎಂದು ಗಂಟಲು ಹರಿದುಕೊಂಡವನ ಮಾತನ್ನು ಅಲ್ಲಿ ಒಬ್ಬನಾದರೂ ಕೇಳಬೇಡವೇ?

ಅದಕ್ಕೇ ಈ ಸಲ ಹೊಸ ಕಾರು ತಂದವನೇ ಹಿಂದಕ್ಕೂ ಮುಂದಕ್ಕೂ ಕ್ಯಾಮೆರಾ ಹಾಕಿಸಲು ಶಿರಾಕ್ಕೆ ಹೋದೆ. ಅಂಗಡಿಯ ರಫೀಕ್ ಭಾಯ್ ಅಂಗೈಯಗಲದ, ನೀಲಿ ದೀಪ ಮಿನುಗುವ ಒಂದನ್ನು ಮುಂದಿಟ್ಟು, "ಇದ್ ಹಾಕ್ಸಿ ಮೇಷ್ಟ್ರೇ. ದೂರಕ್ಕೇ ಕಾಣ್ತದೆ, ಜನ ಏಕ್‌ದಮ್ ಹೆದರ್ತಾರೆ" ಎಂದರು.

"ಮದ್ವೆ ಮನೆ ವಿಡಿಯೋದೋರ ಗಾಡಿ ಅಂದ್ಕೊತಾರೆ, ಬ್ಯಾಡ್ರಿ" ಎಂದಳು ಜೊತೆಗೆ ಬಂದಿದ್ದ ನನ್ನ ಹೆಂಡತಿ.

ನನಗೂ ಯಾರನ್ನೂ ಹೆದರಿಸುವುದು ಬೇಕಿರಲಿಲ್ಲ. ಬೇಕಾದದ್ದು ಬಾಯಿ ಮುಚ್ಚಿಕೊಂಡು ನೋಡುವ ಒಂದು ಸಾಕ್ಷಿ. ಮುಂದಿನದು ಕನ್ನಡಿಯ ಮರೆಯಲ್ಲಿ ಕೂರುವಂಥದ್ದು, ಹಿಂದಿನದು ಗಾಜಿನ ಮೇಲಂಚಿಗೆ ಹುಣಸೆಬೀಜದಷ್ಟು. ವೈರು ಕೂಡ ಹೊರಗೆ ಕಾಣಬಾರದೆಂದು ರಫೀಕ್ ಭಾಯಿಯ ಪ್ರಾಣ ತಿಂದೆ.

ಹದಿನೈದು ದಿನ ಕಳೆದಿರಲಿಲ್ಲ, ದೊಡ್ಡೇರಿ ಹತ್ತಿರ ಕುರಿಮಂದೆ ಅಡ್ಡ ಬಂತು, ನಿಲ್ಲಿಸಿದೆ. ಹಿಂದಿನಿಂದ ಧಡ್ ಎಂದು ಒಂದು ಬೈಕು! ಇಳಿದು ಹಿಂದಕ್ಕೆ ಓಡಿದೆ. ಬೈಕಿನವನು ಮೊಣಕಾಲು ತರಚಿಕೊಂಡು ಬಿದ್ದಿದ್ದ. ಜನ ಎಲ್ಲಿದ್ದರೋ, ಸೇರಿಯೇ ಬಿಟ್ಟರು. ಹಿರಿಯರೊಬ್ಬರು ಶುರುಮಾಡಿದರು: "ಏನ್ ಸಾಮಿ, ಇಂಗಾ ಬ್ರೇಕ್ ಹಾಕಾದು? ದೊಡ್ ಗಾಡಿಯೋರು, ನೀವಲ್ವಾ ನೋಡ್ಕಂಡ್ ಓಗ್ಬೇಕು?"

ಇದಕ್ಕೇ ಕಾದಿದ್ದೆ. "ಕ್ಯಾಮೆರಾ ಇದೆ!" ಎಂದು ಕೂಗಿ, ಹಿಂದಿನ ಕ್ಯಾಮೆರಾದ ಚಿತ್ರವನ್ನು ಫೋನಿಗೆ ತಂದು ಎಲ್ಲರ ಮುಂದೆ ಹಿಡಿದೆ. ಹತ್ತಾರು ತಲೆಗಳು ಬಗ್ಗಿದವು. ಬೈಕಿನವನು ಮಡಿಲಲ್ಲಿದ್ದ ಮೊಬೈಲು ನೋಡುತ್ತಾ ಬಂದು ನೆಟ್ಟಗೆ ಗುದ್ದಿದ್ದು ಹಗಲಿನಷ್ಟು ಸ್ಪಷ್ಟವಾಗಿತ್ತು. "ತಪ್ಪು ಇವನ್ದೇ ಕಣ್ಲಾ, ಇನ್ನೇನೈತೆ ಮಾತು" ಎಂದರು ಹಿರಿಯರು. ಆಹಾ! ಕೊರಟಗೆರೆಯ ಅವಮಾನವೆಲ್ಲ ಆ ಒಂದು ಮಾತಿಗೆ ತೊಳೆದುಹೋಯಿತು. ಆ ಸಂಭ್ರಮದಲ್ಲಿ ಫೋನಿನ ಚಿತ್ರ ನಿಲ್ಲಿಸುವುದನ್ನೇ ಮರೆತೆ.

ಚಿತ್ರ ಓಡುತ್ತಲೇ ಇತ್ತು. ಅದರೊಳಗೆ ನನ್ನ ಬೋಳುತಲೆ ಪ್ರವೇಶ ಮಾಡಿತು. ಬಂಪರಿನ ಮೇಲೆ ಬಗ್ಗಿತು. ಕೈಯೊಂದು ಗೀರನ್ನು ಸವರಿತು, ಹೆಬ್ಬೆರಳಿಗೆ ಎಂಜಲು ಹಚ್ಚಿ ಮತ್ತೆ ಉಜ್ಜಿತು. ನನ್ನ ಬೆನ್ನ ಹಿಂದೆಯೇ ಬೈಕಿನವನು ಏಳಲಾರದೆ ನೆಲಕ್ಕೆ ಕೈಯೂರುತ್ತಿದ್ದ.

ಸೊಪ್ಪಿನ ಹೊರೆ ಹೊತ್ತಿದ್ದ ಅಜ್ಜಿಯೊಬ್ಬಳು ಬಗ್ಗಿ ನೋಡಿ, "ಅಯ್ಯೋ ಶಿವ್ನೇ, ಮನ್ಸ ಬಿದ್ದವ್ನೆ, ಈವಯ್ಯ ಗಾಡಿ ಸವರ್ತಾವ್ನಲ್ಲ!" ಎಂದಳು.

ಯಾರೂ ಬಯ್ಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬಯ್ಯುತ್ತಿದ್ದೆ. ನನ್ನದು ತಪ್ಪಿಲ್ಲವೆಂದು ಆಗಲೇ ಸಾಧಿಸಿಯಾಗಿತ್ತು. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಎಲ್ಲರ ಜೊತೆ ನಾನೂ ನೋಡುತ್ತಾ ನಿಂತೆ. ಚಿತ್ರದೊಳಗಿನ ನಾನು ಬಂಪರು ಬಿಟ್ಟು ಬಿದ್ದವನ ಕಡೆ ತಿರುಗುವ ಹೊತ್ತಿಗೆ ನಲವತ್ತು ಸೆಕೆಂಡು ಕಳೆದಿತ್ತು.