ಲೀಲಕ್ಕ ನೋಡದ ಸೇತುವೆ

ಮೇಜಿನಿಂದ ಮೇಲಕ್ಕೆ ಗರಿಗರಿ ಸೀರೆ, ಮೇಜಿನ ಕೆಳಗೆ ಕೆಸರು ಮೆತ್ತಿದ ಗಮ್‌ಬೂಟು. ಗೋಣಿಕೊಪ್ಪಲಿನ ನಮ್ಮ ಕೇಬಲ್ ವಾಹಿನಿಯಲ್ಲಿ ಲೀಲಕ್ಕ ಸಂಜೆ ಏಳರ ವಾರ್ತೆ ಓದುತ್ತಿದ್ದದ್ದು ಹೀಗೆ. ನೋಡುವವರಿಗೆ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಕ್ಯಾಮೆರಾ ಹಿಡಿಯುತ್ತಿದ್ದ ನನಗೆ ಎರಡೂ. ಆನೆ ತೋಟಕ್ಕೆ ನುಗ್ಗಿದೆ ಎಂದು ಯಾರಾದರೂ ಫೋನ್ ಮಾಡಿದರೆ ಸಾಕು, ಜೀಪು ಹತ್ತಿ ಹೊರಟುಬಿಡುತ್ತಿದ್ದರು. ಮುರಿದ ಬೇಲಿಯನ್ನು ಕಣ್ಣಾರೆ ಕಂಡ ಮೇಲೆಯೇ ಅದು ವಾರ್ತೆ. "ನೀನು ನೋಡಿದ್ದಾ ಮಾರಾಯ, ಕೇಳಿದ್ದಾ?" ಎಂದು ನನ್ನನ್ನು ಕೇಳದ ದಿನವಿಲ್ಲ. ಕೇಳಿದ್ದು ಎಂದರೆ ಅಂದು ನನಗೆ ಕಾಫಿ ಇಲ್ಲ.

ಹಾಗೆ ಊರೂರು ತಿರುಗಿದ ಮುಖ ಎಲ್ಲರಿಗೂ ಗೊತ್ತಿತ್ತು. ಒಂದು ಪಕ್ಷದವರು ಬಂದು ಟಿಕೆಟ್ ಕೊಟ್ಟರು, ಜನ ವೋಟು ಕೊಟ್ಟರು. ಲೀಲಕ್ಕ ಶಾಸಕಿಯಾದರು. ವಾರ್ತೆಯ ಕುರ್ಚಿಯಲ್ಲಿ ನಾನು ಕೂತೆ.

ಶಾಸಕರಿಗೆ ಎಲ್ಲ ಕಡೆ ಹೋಗಿ ನೋಡಲು ಪುರಸೊತ್ತೆಲ್ಲಿ? ಕಾಗದಗಳೇ ಅವರ ಬಳಿಗೆ ಬರುತ್ತವೆ. ಒಮ್ಮೆ ಅಧಿಕಾರಿಗಳು ಬರೆದುಕೊಟ್ಟದ್ದನ್ನು ನಂಬಿ, ಕರಿಕೆ ಊರಿನ ಹೊಳೆಗೆ ಕಾಲುಸೇತುವೆ ಆಗಿದೆ, ಮಕ್ಕಳು ಇನ್ನು ಹೆದರದೆ ಶಾಲೆಗೆ ಹೋಗಬಹುದು ಎಂದು ಸದನದಲ್ಲಿ ಹೇಳಿಬಿಟ್ಟರು. ಟಿವಿಯಲ್ಲೂ ಬಂತು. ನಾನು ಹೋಗಿ ನೋಡಿದರೆ ಹೊಳೆಯಲ್ಲಿ ಎರಡು ಕಂಬ ಬಿಟ್ಟು ಬೇರೇನಿಲ್ಲ. ಪಕ್ಕದಲ್ಲಿ ಅದೇ ಹಳೆಯ ಸಂಕ, ಹೊಳೆಗೆ ಅಡ್ಡ ಹಾಕಿದ ಮರದ ದಿಮ್ಮಿ. ಅದನ್ನು ದಾಟಿ ಬಂದ ಜಾನಕಿ ಎಂಬವರು, "ಟಿವಿಯಲ್ಲಿ ಸೇತುವೆ ಉಂಟಂತೆ. ನೀವು ಬರುವಾಗ ಎಲ್ಲಾದ್ರೂ ಕಂಡಿತಾ?" ಎಂದು ಕೇಳಿದರು. ನಗು ಬಂತು, ಆಮೇಲೆ ನಾಚಿಕೆಯಾಯಿತು. ಕಡತದಲ್ಲಿ ಮುಗಿದ ಕೆಲಸವನ್ನು ಮತ್ತೆ ಯಾರು ಮಾಡುತ್ತಾರೆ?

ಹೆದರುತ್ತಲೇ ಲೀಲಕ್ಕನಿಗೆ ಫೋನ್ ಮಾಡಿದೆ. "ನಾನು ನೋಡ್ಲಿಲ್ಲ ಮಾರಾಯ. ನಾಳೆ ಬರ್ತೇನೆ" ಎಂದರು.

ಮರುದಿನ ಬೆಳಿಗ್ಗೆಯೇ ಕರಿಕೆಗೆ ಹೋಗಿ, ಆ ಸಂಕ ದಾಟಿ, ಸಂಜೆಗೆ ನೇರ ಸ್ಟುಡಿಯೋಗೆ ಬಂದರು. ಪಕ್ಷದವರದು ಫೋನ್ ಮೇಲೆ ಫೋನ್. ತಪ್ಪನ್ನು ಅಧಿಕಾರಿಯ ತಲೆಗೆ ಕಟ್ಟಿ, ಇಲ್ಲವಾದರೆ ಸುಮ್ಮನಿದ್ದುಬಿಡಿ ಎಂದು ಬುದ್ಧಿ ಹೇಳಿದರಂತೆ. ಲೀಲಕ್ಕ ಏಳು ಗಂಟೆಗೆ ತಮ್ಮ ಹಳೆಯ ಕುರ್ಚಿಯಲ್ಲಿ ಕೂತು ಓದಿದರು: "ಕರಿಕೆಯಲ್ಲಿ ಸೇತುವೆ ಆಗಿಲ್ಲ. ಆಗಿದೆ ಎಂದು ಸದನದಲ್ಲಿ ಹೇಳಿದವಳು ನಾನು. ನೋಡದೆ ಹೇಳಿದೆ. ತಪ್ಪು ನನ್ನದು."

ಕೆಲಸ ಮತ್ತೆ ಶುರುವಾಯಿತು. ಮುಂದಿನ ಚುನಾವಣೆಗೆ ಲೀಲಕ್ಕನಿಗೆ ಟಿಕೆಟ್ ಸಿಗಲಿಲ್ಲ.

ಸೇತುವೆಯ ಉದ್ಘಾಟನೆಗೆ ಹೊಸ ಶಾಸಕರು ಬಂದಿದ್ದರು. ಕರೆಯೋಲೆಯಲ್ಲಿ ಹೆಸರಿಲ್ಲದ ಲೀಲಕ್ಕ ಬಸ್ಸಿನಲ್ಲಿ ಬಂದು ಜನರ ನಡುವೆ ನಿಂತಿದ್ದರು. ನನಗೆ ಸಿಟ್ಟು ಬಂದು, ವೇದಿಕೆ ಬಿಟ್ಟು ಮೈಕನ್ನು ಅವರ ಮುಂದೆಯೇ ಹಿಡಿದೆ. ಅವರು ಅದನ್ನು ಮೆಲ್ಲಗೆ ಪಕ್ಕದಲ್ಲಿದ್ದ ಜಾನಕಿಯ ಕಡೆಗೆ ತಿರುಗಿಸಿದರು. ದಿನಾ ದಾಟುವವರನ್ನು ಕೇಳು ಎಂದರು.

ಜಾನಕಿ ಮೈಕ್ ನೋಡಲೇ ಇಲ್ಲ, ಲೀಲಕ್ಕನ ಕೈ ಹಿಡಿದುಕೊಂಡರು. "ಸೇತುವೆ ಇಲ್ಲ ಅಂತ ಹೇಳಿದ ಅಕ್ಕ ಇವರೇ. ಹಾಗೆ ಹೇಳಿದ್ದಕ್ಕೇ ಇದು ಆದದ್ದು."

ಇಷ್ಟು ವರ್ಷ ಕ್ಯಾಮೆರಾ ಮುಂದೆ ಒಮ್ಮೆಯೂ ತಡವರಿಸದ ಲೀಲಕ್ಕ ಅಂದು ಮುಖ ತಿರುಗಿಸಿಕೊಂಡರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಆ ಮಳೆಗಾಲದಲ್ಲೇ ತೀರಿಕೊಂಡರು. ಆ ವಾರ್ತೆ ಓದಬೇಕಾದವನು ನಾನೇ. ಓದುವ ಹಾಳೆಯಲ್ಲಿ 'ಮಾಜಿ ಶಾಸಕಿ' ಎಂದು ಬರೆದಿತ್ತು. ಅದನ್ನು ಬದಿಗಿಟ್ಟೆ. ಉದ್ಘಾಟನೆಯ ದಿನ ನನ್ನ ಮೈಕಿನಲ್ಲಿ ದಾಖಲಾಗಿದ್ದ ಜಾನಕಿಯ ಆ ಮಾತನ್ನೇ ಹಾಕಿದೆ.