ರಾಸ್ತ್ರೋ ಸಂತೆಯಲ್ಲಿ ಕೈತಪ್ಪಿದ ತಟ್ಟೆ

ಕಳೆದ ವರ್ಷದ ಈದ್ ರಜೆಯ ಮಾತು. ದೋಹಾದಿಂದ ಮ್ಯಾಡ್ರಿಡ್‌ಗೆ ಅಗ್ಗದ ಟಿಕೆಟ್ ಸಿಕ್ಕಿತೆಂದು ಹೆಂಡತಿ ಸಫಿಯಾಳನ್ನು ಕರೆದುಕೊಂಡು ಹೊರಟೆ. ನಾನು ಹಳೆ ಫರ್ನಿಚರ್ ಕೊಂಡು ಮಾರುವವನು. ಬಾಡಿಗೆ ಪಿಕಪ್ ಓಡಿಸುತ್ತಾ ಶುರು ಮಾಡಿ, ಈಗ ದೋಹಾದ ಮುಐದರ್‌ನಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆ. ಹಾಗಾಗಿ ಅರಮನೆ, ಮ್ಯೂಸಿಯಂಗಿಂತ ಅಲ್ಲಿನ ಭಾನುವಾರದ ಹಳೆ ಸಾಮಾನಿನ ಸಂತೆ, ರಾಸ್ತ್ರೋ, ನೋಡುವ ಆಸೆ ನನಗೆ. ನೂರಾರು ವರ್ಷಗಳಿಂದ ನಡೆಯುತ್ತಿರುವ ಸಂತೆಯಂತೆ. ಹೋಗುವವರಿದ್ದರೆ ಬೆಳಿಗ್ಗೆ ಬೇಗ ಹೋಗಿ, ಪರ್ಸನ್ನು ಮುಂದಿನ ಜೇಬಿನಲ್ಲಿಡಿ.

ಇಳಿಜಾರು ಬೀದಿಯಲ್ಲಿ ಒಬ್ಬ ಮುದುಕ ನೆಲದ ಮೇಲೆ ಬಟ್ಟೆ ಹಾಸಿ ಸಾಮಾನು ಹರಡಿದ್ದ. ಅದರಲ್ಲೊಂದು ದೊಡ್ಡ ಪಿಂಗಾಣಿ ತಟ್ಟೆ. ಅಂಚಿಗೆ ನೀಲಿ ಬಳ್ಳಿ, ನಡುವೆ ನೀಲಿ ಹಕ್ಕಿ. ಎತ್ತಿಕೊಂಡೆ. ಉಳ್ಳಾಲದ ನಮ್ಮ ಮನೆಯಲ್ಲಿ ಇಂಥದ್ದೇ ತಟ್ಟೆಯಿತ್ತು. ಮನೆಮಂದಿಯೆಲ್ಲ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುವುದು ನಮ್ಮ ಪದ್ಧತಿ. ಉಮ್ಮ ಮೀನಿನ ಮುಳ್ಳು ಬಿಡಿಸಿ ಅಣ್ಣನ ಕಡೆಗೆ, ಅಕ್ಕನ ಕಡೆಗೆ, ನನ್ನ ಕಡೆಗೆ ಸರಿಸುತ್ತಿದ್ದರು. ಆ ತಟ್ಟೆ ಎಂದೋ ಒಡೆಯಿತು. ಉಮ್ಮನೂ ಈಗಿಲ್ಲ.

ಆದರೆ ಆಸೆ ಮುಖದಲ್ಲಿ ಕಂಡರೆ ಬೆಲೆ ಏರುತ್ತದೆ. ಮುದುಕ ಮೊಬೈಲಿನಲ್ಲಿ ಬೆಲೆ ಒತ್ತಿ ತೋರಿಸಿದ. ನಾನು ಅದರರ್ಧ ಒತ್ತಿದೆ. ಅವನು ಸ್ವಲ್ಪ ಇಳಿದ. ನಾನು “ಖಲಾಸ್” ಎಂದು ತಟ್ಟೆ ಕೆಳಗಿಟ್ಟು ನಡೆದೆ.

“ಬೇಕಾದ್ರೆ ತೆಗೀರಿ ಮಾರಾಯ್ರೆ, ಈ ನಾಟಕ ಎಂತಕ್ಕೆ?” ಎಂದಳು ಸಫಿಯಾ.

“ತಿರುಗಿ ನೋಡ್ಬೇಡ. ಆ ಮೂಲೆ ದಾಟುದ್ರೊಳಗೆ ಕರೀತಾನೆ.”

“ಅವನಿಗೆ ನಿಮ್ಮ ದೋಹಾದ ಆಟ ಗೊತ್ತುಂಟಾ?”

ಕರೆಯಲಿಲ್ಲ. ಮೂಲೆಯಲ್ಲಿ ಕಾಫಿ ಕುಡಿದು, ಸುಮ್ಮನೆ ಬಂದವನಂತೆ ಹಿಂತಿರುಗಿದೆ. ತಟ್ಟೆ ಇರಲಿಲ್ಲ. ಮುದುಕ ಬೀದಿಯ ಕೆಳಗೆ ಕೈ ತೋರಿಸಿದ. ಒಬ್ಬ ಅಜ್ಜಿ ಅದನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದರು. ಓಡಿದೆ. ಮುದುಕ ಕೇಳಿದ್ದಕ್ಕಿಂತ ದುಪ್ಪಟ್ಟು ಒತ್ತಿ ತೋರಿಸಿದೆ. ಅಜ್ಜಿ ಆಗುವುದಿಲ್ಲವೆಂದು ತಲೆಯಾಡಿಸಿದರು. ನನ್ನ ಮುಖ ನೋಡಿ ಏನನ್ನಿಸಿತೋ, ಫೋಟೊ ತೆಗೆದುಕೋ ಎಂಬಂತೆ ತಟ್ಟೆಯನ್ನು ಎತ್ತಿ ಹಿಡಿದರು. ತೆಗೆದೆ. ಬೇರೇನೂ ಬರೆಯದೆ ಮನೆಯವರ ವಾಟ್ಸ್ಯಾಪ್ ಗ್ರೂಪಿಗೂ ಹಾಕಿದೆ.

ಸೌದಿಯಲ್ಲಿರುವ ಅಣ್ಣ ಕೂಡಲೇ ಕೇಳಿದ: “ಎಷ್ಟಕ್ಕೆ ಇಳಿಸಿದೆ?”

ಕತಾರಿನಲ್ಲೇ, ಅಲ್ ಖೋರ್‌ನಲ್ಲಿರುವ ಅಕ್ಕನ ವಾಯ್ಸ್ ಮೆಸೇಜ್ ಬಂತು: “ಉಮ್ಮನ ತಟ್ಟೆಯೇ ಅಲ್ವಾ ಇದು! ಜಾಗ್ರತೆಯಲ್ಲಿ ತಾ. ಶುಕ್ರವಾರ ನಮ್ಮಲ್ಲೇ ಊಟ, ಒಟ್ಟಿಗೆ ಕೂರುವ.”

ಕೈಗೆ ಸಿಗಲಿಲ್ಲ ಎಂದು ಬರೆಯಲು ನನ್ನಿಂದ ಆಗಲಿಲ್ಲ. ಶುಕ್ರವಾರ ಬರಿಗೈಯಲ್ಲೇ ಹೋದೆ. ಅಕ್ಕ ಚಾಪೆಯ ಮೇಲೆ ಸಾರು, ಪಲ್ಯವನ್ನೆಲ್ಲ ಸುತ್ತ ಜೋಡಿಸಿ ನಡುವೆ ಜಾಗ ಬಿಟ್ಟಿದ್ದಳು. ವಿಷಯ ತಿಳಿದ ಮೇಲೆ ಒಳಗೆ ಹೋಗಿ, ಎಲ್ಲರಿಗೂ ಬೇರೆ ಬೇರೆ ತಟ್ಟೆ ತಂದಿಟ್ಟಳು.

ಚೌಕಾಸಿ ಬಿಡಿ ಎಂದು ನಾನು ಹೇಳುವುದಿಲ್ಲ, ಅದರಿಂದಲೇ ನನ್ನ ಅಂಗಡಿ ನಡೆಯುತ್ತಿದೆ. ಆದರೆ ಮಾರಲೆಂದು ಕೊಳ್ಳುವ ವಸ್ತುವಿಗೆ ಮಾತ್ರ ಆ ಆಟ ಇರಲಿ. ಈಗಲೂ ಯಾರಾದರೂ ಹಳೆ ಪಿಂಗಾಣಿ ತಂದರೆ ಬೆಲೆ ಕೇಳುವ ಮೊದಲೇ ನನ್ನ ಕೈ ಮುಂದಾಗುತ್ತದೆ. ನೀಲಿ ಹಕ್ಕಿಯ ತಟ್ಟೆ ಮಾತ್ರ ಇನ್ನೂ ಬಂದಿಲ್ಲ.